ದಿಕ್ಕು ಬಲ್ಲವರ ನಾಡಿನಲ್ಲಿ ದಿಕ್ಸೂಚಿ

ಕನ್ನಡದಲ್ಲಿ ‘ದಿಕ್ಕು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಮೂಡಣ ಪಡುವಣ ಮೊದಲಾದ ದೆಸೆಗಳು ಒಂದು. ಆಸರೆ, ಗತಿ ಎಂಬುದು ಇನ್ನೊಂದು. ‘ಅವನಿಗೆ ದಿಕ್ಕಿಲ್ಲ’ ಎಂದರೆ ನೋಡಿಕೊಳ್ಳುವವರು ಯಾರೂ ಇಲ್ಲವೆಂದು ತಿಳಿಯುತ್ತೇವೆ. ‘ದಿಕ್ಕೆಟ್ಟು ಓಡಿದ’ ಎಂದರೆ ಎತ್ತ ಹೋಗುವುದೆಂದು ತೋಚದೆ ಓಡಿದನೆಂದು ತಿಳಿಯುತ್ತೇವೆ. ದಾರಿ ತಪ್ಪುವುದನ್ನೂ ಆಸರೆ ತಪ್ಪುವುದನ್ನೂ ಒಂದೇ ಮಾತಿನಲ್ಲಿ ಅಡಗಿಸಿದ ನಮ್ಮ ಹಿರಿಯರು ಕಾಡನ್ನೂ ಮಳೆಗಾಲವನ್ನೂ ಚೆನ್ನಾಗಿ ಕಂಡವರೇ ಆಗಿರಬೇಕು.

ಪ್ರಕೃತ ನಾವು ವಿಚಾರಮಾಡಹೊರಟಿರುವುದು ಬೆರಳೆರಡರ ಅಗಲವಿರುವ ಒಂದು ಸಣ್ಣ ಉಪಕರಣವನ್ನು ಕುರಿತು. ಗಾಜಿನ ಮುಚ್ಚಳದ ಒಂದು ಡಬ್ಬಿ. ಅದರೊಳಗೆ ಮೊನೆಯ ಮೇಲೆ ತಿರುಗುವ ಒಂದು ಸೂಜಿ. ಸುತ್ತಲೂ 360 ಭಾಗಗಳ ಒಂದು ವೃತ್ತ. ಇದನ್ನು ಗಡಿಯಾರದಂತೆ, ಕನ್ನಡಕದಂತೆ ಪ್ರತಿದಿನವೂ ಜೊತೆಯಲ್ಲಿಟ್ಟುಕೊಳ್ಳುವುದರಿಂದ ಪ್ರಯೋಜನವುಂಟೆ? ಪಟ್ಟಣಿಗರು ನಗಬಹುದು. ಆದುದರಿಂದ ಪ್ರಶ್ನೆಯನ್ನು ಪಟ್ಟಣದ ಬೀದಿಯಲ್ಲಿಡದೆ, ಅದಕ್ಕೆ ತಕ್ಕ ಒಂದು ಸ್ಥಳದಲ್ಲಿಟ್ಟು ನೋಡೋಣ. ಬೆಳ್ತಂಗಡಿ ತಾಲ್ಲೂಕಿನ ನೆರಿಯ ಅಂತಹ ಸ್ಥಳ. ಮೂಡಣಕ್ಕೆ ಪಶ್ಚಿಮಘಟ್ಟದ ಗೋಡೆ, ಬಡಗಣಕ್ಕೆ ಚಾರ್ಮಾಡಿಯ ಹಾದಿ, ನಡುವೆ ಅಡಕೆಯ ತೋಟಗಳು, ಕಾಡು, ನೇತ್ರಾವತಿಯನ್ನು ಸೇರಲು ಹರಿಯುವ ನೆರಿಯ ಹೊಳೆ. ಪಡುವಣಕ್ಕೆ, ಕಣ್ಣಿಗೆ ಕಾಣದಿದ್ದರೂ, ಕಡಲು.

ಇಂತಹ ನಾಡಿನವರಿಗೆ ದಿಕ್ಕನ್ನು ಕಲಿಸಲು ಹೊರಗಿನಿಂದ ಯಂತ್ರ ಬರಬೇಕಾಗಿರಲಿಲ್ಲ. ಅವರ ಊರುಗಳ ಹೆಸರುಗಳನ್ನೇ ನೋಡಿರಿ. ಮೂಡಬಿದಿರೆ ಮೂಡಣದ ಬಿದಿರೆ, ಪಡುಬಿದಿರೆ ಪಡುವಣದ್ದು. ಬಂಟ್ವಾಳದ ಕಡೆ ತೆಂಕಬೆಳ್ಳೂರು, ಬಡಗಬೆಳ್ಳೂರುಗಳಿವೆ. ಬೆಳ್ತಂಗಡಿಯಲ್ಲಿಯೇ ತೆಂಕಕಾರಂದೂರು, ಬಡಗಕಾರಂದೂರುಗಳಿವೆ. ತುಳುವರ ಯಕ್ಷಗಾನಕ್ಕೂ ಕುಂದಾಪುರದ ಕಡೆಯ ಯಕ್ಷಗಾನಕ್ಕೂ ಇರುವ ಭೇದವನ್ನು ಹೇಳುವಾಗಲೂ ತೆಂಕುತಿಟ್ಟು, ಬಡಗುತಿಟ್ಟು ಎಂದು ದಿಕ್ಕಿನಿಂದಲೇ ಹೇಳುತ್ತೇವೆ. ಮೈಸೂರು ಸೀಮೆಯಿಂದ ನೀಲಗಿರಿಗೆ ಹೋಗಿ ನೆಲೆಸಿದವರು ಅಲ್ಲಿ ‘ಬಡಗ’ರಾದುದೂ ಹೀಗೆಯೇ. ನಮ್ಮ ಶಾಸನಗಳಲ್ಲಿ ದಾನಕೊಟ್ಟ ಭೂಮಿಗೆ ನಾಲ್ಕು ದಿಕ್ಕಿನ ಎಲ್ಲೆಗಳನ್ನೂ ಹೇಳುವ ಪದ್ಧತಿ ಇದ್ದಿತು. ಇಂದಿನ ಕ್ರಯಪತ್ರಗಳಲ್ಲಿ ಬರೆಯುವ ಚಕ್ಕುಬಂದಿ ಆ ಪದ್ಧತಿಯ ಮುಂದುವರಿಕೆಯೇ ಸರಿ. ಸೂರ್ಯನು ಮೂಡುವುದರಿಂದ ಮೂಡು, ಪಡುವುದರಿಂದ, ಎಂದರೆ ಮುಳುಗುವುದರಿಂದ, ಪಡು. ಭಾಷೆಯೇ ಇಲ್ಲಿ ಮೊದಲ ದಿಕ್ಸೂಚಿ.

ಆದರೆ ಈ ಹೆಸರುಗಳ ಸ್ವಭಾವವನ್ನು ಗಮನಿಸತಕ್ಕುದು. ಬಡಗಕಾರಂದೂರು ಬಡಗಣದ್ದಾದುದು ತೆಂಕಕಾರಂದೂರಿನ ದೆಸೆಯಿಂದ. ನಾವು ನಿಂತ ಸ್ಥಳ ಯಾವುದೆಂದು ತಿಳಿದಿರುವವರೆಗೆ ಈ ಹೆಸರುಗಳು ದಾರಿ ತೋರಿಸುತ್ತವೆ. ನಿಂತ ಸ್ಥಳವೇ ತಿಳಿಯದಾದಾಗ ಅವು ಮೌನವಾಗುತ್ತವೆ. ಆಗ ಆಕಾಶವನ್ನು ಕೇಳಬೇಕು.

ಆಕಾಶವನ್ನು ಕೇಳುವ ವಿದ್ಯೆಯೂ ನಮ್ಮಲ್ಲಿ ಹಳೆಯದೆ. ಸಮನಾದ ನೆಲದಲ್ಲಿ ಒಂದು ಶಂಕುವನ್ನು, ಎಂದರೆ ನೇರವಾದ ಗೂಟವನ್ನು ನಿಲ್ಲಿಸಿ, ಅದರ ಸುತ್ತ ವೃತ್ತವೊಂದನ್ನು ಎಳೆಯುವುದು. ಬೆಳಗಿನಲ್ಲಿ ನೆರಳಿನ ತುದಿ ವೃತ್ತದೊಳಕ್ಕೆ ಬರುವ ಬಿಂದುವನ್ನೂ, ಮಧ್ಯಾಹ್ನದ ಮೇಲೆ ಹೊರಕ್ಕೆ ಹೋಗುವ ಬಿಂದುವನ್ನೂ ಗುರುತಿಸಿ ಸೇರಿಸುವುದು. ಆ ರೇಖೆಯೇ ಪೂರ್ವಪಶ್ಚಿಮ. ಕಾತ್ಯಾಯನ ಶುಲ್ಬಸೂತ್ರದಲ್ಲಿ ಹೇಳಿರುವ ಈ ಕ್ರಮ ಇಂದಿಗೂ ಸರಿಯಾಗಿಯೇ ಇದೆ. ಕಟ್ಟಡಕ್ಕೆ ಇದು ಸಾಕು, ನಡೆಯುವವನಿಗೆ ಸಾಲದು. ಬೆಳಗಿನಿಂದ ಸಂಜೆಯವರೆಗೆ ಒಂದೇ ಕಡೆ ಕುಳಿತು ನೆರಳನ್ನು ನೋಡುತ್ತಿರಲು ದಾರಿ ತಪ್ಪಿದವನಿಗೆ ಬಿಡುವೆಲ್ಲಿ?

ಇದರ ಜೊತೆಗೆ ನೆರಿಯದ ಅಕ್ಷಾಂಶವು ಸುಮಾರು 13 ಡಿಗ್ರಿ ಎಂಬುದನ್ನು ಮರೆಯಬಾರದು. ಇಲ್ಲಿ ಜೂನ್ ತಿಂಗಳಲ್ಲಿ ಸೂರ್ಯನು ನಿಜವಾದ ಮೂಡಣಕ್ಕಿಂತ ಸುಮಾರು 24 ಡಿಗ್ರಿ ಬಡಗಣಕ್ಕೂ, ಡಿಸೆಂಬರಿನಲ್ಲಿ ಅಷ್ಟೇ ತೆಂಕಣಕ್ಕೂ ಸರಿದು ಹುಟ್ಟುತ್ತಾನೆ. ನಡುಹಗಲಿನ ನೆರಳು ಬಡಗಣಕ್ಕೆ ಬೀಳುತ್ತದೆಂದು ಶಾಲೆಯಲ್ಲಿ ಓದಿದ ಸೂತ್ರವನ್ನು ನಂಬಿದರೆ, ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಅದು ತಲೆಕೆಳಗಾಗುತ್ತದೆ. ಆ ತಿಂಗಳುಗಳಲ್ಲಿ ನಡುಹಗಲಿನ ಸೂರ್ಯನು ನಮಗೆ ಬಡಗಣದಲ್ಲಿರುತ್ತಾನೆ. ನೆರಳು ತೆಂಕಣಕ್ಕೆ ಬೀಳುತ್ತದೆ. ಧ್ರುವನಕ್ಷತ್ರವು ದಿಗಂತದಿಂದ 13 ಡಿಗ್ರಿಯಷ್ಟೇ ಮೇಲಿರುವುದರಿಂದ, ಮರಗಳೂ ಗುಡ್ಡಗಳೂ ಅದನ್ನು ಸುಲಭವಾಗಿ ಮರೆಮಾಡುತ್ತವೆ. ಇನ್ನು ಆಟಿಯ ತಿಂಗಳೆಂದರೆ, ಸೂರ್ಯನೇ ಎಷ್ಟೋ ದಿನ ಕಾಣದ ಕಾಲ. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುವ ಈ ಘಟ್ಟದ ಬುಡದಲ್ಲಿ ಮಂಜು ಕವಿದರೆ ಹತ್ತು ಮಾರು ದೂರದ ಮರವೂ ಕಾಣದು. ದಿಕ್ಕು ಹೆಚ್ಚಾಗಿ ಬೇಕಾಗುವ ಕಾಲದಲ್ಲಿಯೇ ಆಕಾಶವು ಬಾಗಿಲು ಹಾಕಿಕೊಳ್ಳುತ್ತದೆ.

ಈ ಕೊರತೆಯನ್ನು ತುಂಬಿದ್ದು ಸೂಜಿಗಲ್ಲು. ಅದರ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ, ಚೀನಾದ ಶೆನ್ ಕುವೊ ಎಂಬ ಪಂಡಿತನು 1088ರ ಸುಮಾರಿನಲ್ಲಿ ಬರೆದ ಗ್ರಂಥದಲ್ಲಿ, ಸೂಜಿಗಲ್ಲಿಗೆ ಉಜ್ಜಿದ ಸೂಜಿಯು ದಿಕ್ಕನ್ನು ತೋರಿಸುತ್ತದೆಂದೂ, ಆದರೆ ಅದು ನಿಖರವಾಗಿ ದಕ್ಷಿಣೋತ್ತರವಾಗಿ ನಿಲ್ಲದೆ ಸ್ವಲ್ಪ ಓರೆಯಾಗುತ್ತದೆಂದೂ ಹೇಳಿದನು. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಅಲೆಗ್ಸಾಂಡರ್ ನೆಕಮನು ನಾವಿಕರ ಸೂಜಿಯನ್ನು ವರ್ಣಿಸಿದನು. ನಮಗೆ ಹೆಚ್ಚು ಹತ್ತಿರದ ಸಾಕ್ಷಿಯೆಂದರೆ 1282ರಲ್ಲಿ ಅರಬ್ಬಿಯಲ್ಲಿ ಬರೆದ ಬೈಲಕನದು. ಹಿಂದೂ ಸಾಗರದ ಹಡಗುಗಳವರು ಪೊಳ್ಳಾದ ಕಬ್ಬಿಣದ ಮೀನೊಂದನ್ನು ನೀರಿನಲ್ಲಿ ತೇಲಿಸಿ ದಿಕ್ಕನ್ನು ತಿಳಿಯುತ್ತಾರೆಂದು ತಾನು ಕೇಳಿದುದನ್ನು ಅವನು ಬರೆದಿಟ್ಟಿದ್ದಾನೆ. 1498ರಲ್ಲಿ ವಾಸ್ಕೊ ಡ ಗಾಮನ ಸಂಗಡಿಗರು ಆಫ್ರಿಕದ ಪೂರ್ವತೀರವನ್ನು ಮುಟ್ಟಿದಾಗ ಅಲ್ಲಿನ ನಾವಿಕರ ಬಳಿ ದಿಕ್ಸೂಚಿಗಳೂ ನಕ್ಷೆಗಳೂ ಇದ್ದುದನ್ನು ಕಂಡರು. ಭೂಮಿಯೇ ಒಂದು ದೊಡ್ಡ ಅಯಸ್ಕಾಂತವೆಂಬ ಕಾರಣವನ್ನು ವಿಲಿಯಂ ಗಿಲ್ಬರ್ಟನು ವಿವರಿಸಿದ್ದು 1600ರಲ್ಲಿ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮಂಗಳೂರಿನ ಮುಂದಿನ ಕಡಲಿನಲ್ಲಿ ಅಷ್ಟು ಹಿಂದೆಯೇ ತಿಳಿದಿದ್ದ ಸೂಜಿಯು ಘಟ್ಟದ ಬುಡದ ಕಾಡಿನಲ್ಲಿ ಏಕೆ ವಾಡಿಕೆಗೆ ಬರಲಿಲ್ಲ? ನಮಗೆ ತೋರುವ ಉತ್ತರ ಸರಳವಾದುದು. ಕಡಲಿನಲ್ಲಿ ದಾರಿ ಕೇಳಲು ಜನರಿಲ್ಲ. ನೆಲದ ಮೇಲೆ ಇದ್ದಾರೆ. ತೋಟದ ಮನೆಯ ಅಜ್ಜನೊಬ್ಬನು ಹತ್ತು ಗುಡ್ಡಗಳನ್ನು ಹೆಸರಿನಿಂದ ಬಲ್ಲ. ಆ ಅಜ್ಜನಿರುವ ಊರಿಗೆ ಸೂಜಿಯ ಹಂಗಿಲ್ಲ. ಅದು ಬೇಕಾದುದು ಅವನನ್ನು ಅರಿಯದೆ ಹೊರಗಿನಿಂದ ಬಂದವರಿಗೆ, ಮುಖ್ಯವಾಗಿ ದಂಡಿನವರಿಗೂ ಅಳತೆಯವರಿಗೂ.

ಹೊರಗಿನವರು ಬಂದರು. ಬೆಳ್ತಂಗಡಿಯ ಬಳಿ ಸುಮಾರು 1,700 ಅಡಿ ಎತ್ತರಕ್ಕೆ ಎದ್ದು ನಿಂತಿರುವ ಗಡಾಯಿಕಲ್ಲಿನ ಮೇಲೆ ಟಿಪ್ಪು ಸುಲ್ತಾನನು 1794ರಲ್ಲಿ ಕಟ್ಟಿಸಿದ ಜಮಾಲಾಬಾದು ಕೋಟೆ 1799ರಲ್ಲಿ ಇಂಗ್ಲಿಷರ ಕೈಸೇರಿತು. 1801ರಲ್ಲಿ ಡಾಕ್ಟರ್ ಫ್ರಾನ್ಸಿಸ್ ಬುಕಾನನನು ಮಂಗಳೂರಿನಿಂದ ಹೊರಟು ಬೆಳ್ತಂಗಡಿ, ಪಡಂಗಡಿ, ವೇಣೂರು, ಮೂಡಬಿದಿರೆ, ಕಾರ್ಕಳಗಳ ಮೇಲೆ ಹಾದುಹೋದನು; 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥವು ಈ ಸೀಮೆಯ ಚರಿತ್ರೆಗೆ ಇಂದಿಗೂ ಆಧಾರ. ಆ ಕಾಲದ ಹಾದಿಯಳತೆಯವರ ಸಲಕರಣೆ ಎರಡೇ: ಕೈಯಲ್ಲಿ ದಿಕ್ಸೂಚಿ, ಜೊತೆಗೆ ಉರುಳಿದಷ್ಟು ದೂರವನ್ನು ಎಣಿಸುವ ಒಂದು ಗಾಲಿ. ತಿರುವಿಗೊಮ್ಮೆ ಸೂಜಿಯನ್ನು ನೋಡಿ, ಗಾಲಿಯ ಲೆಕ್ಕವನ್ನು ಬರೆದುಕೊಳ್ಳುತ್ತ ಹೋದರೆ ದಾರಿಯ ನಕ್ಷೆ ತಾನೇ ಮೂಡುತ್ತಿತ್ತು. ಇಂತಹ ನಕ್ಷೆಗಳನ್ನು ಸೇರಿಸಿದಾಗ ಸಣ್ಣ ತಪ್ಪುಗಳು ಕೂಡಿ ದೊಡ್ಡದಾಗುತ್ತಿದ್ದುವು. 1802ರಲ್ಲಿ ಮದ್ರಾಸಿನ ಬಳಿ ಆಧಾರರೇಖೆಯನ್ನಳೆದು, ಸುಮಾರು ಅರ್ಧ ಟನ್ ತೂಕದ ಥಿಯೊಡೊಲೈಟನ್ನು ಬೆಟ್ಟದಿಂದ ಬೆಟ್ಟಕ್ಕೆ ಹೊರಿಸುತ್ತ ಪಡುವಣ ಕರಾವಳಿಯವರೆಗೆ ತ್ರಿಕೋನಗಳನ್ನು ಹೆಣೆದ ವಿಲಿಯಂ ಲ್ಯಾಂಬ್ಟನ್ನನು, ಮದ್ರಾಸಿನಿಂದ ಮಂಗಳೂರಿಗೆ ಅಡ್ಡಲಾಗಿ 360 ಮೈಲಿ ಮಾತ್ರವೆಂದು ಸಿದ್ಧಮಾಡಿದನು. ಹಿಂದಿನ ನಕ್ಷೆಗಳು ಅದನ್ನು ಸುಮಾರು 40 ಮೈಲಿ ಹೆಚ್ಚಾಗಿ ತೋರಿಸಿದ್ದುವು.

ಹಾಗೆಂದು ಸಣ್ಣ ಸೂಜಿಯನ್ನು ಹಳಿಯುವಂತಿಲ್ಲ. ದೇಶವನ್ನು ಅಳೆಯುವ ಕೆಲಸ ಬೇರೆ. ಕತ್ತಲಾಗುವುದರೊಳಗೆ ಮನೆಗೆ ಮರಳುವ ಕೆಲಸ ಬೇರೆ. ಎರಡನೆಯದಕ್ಕೆ ಅದು ಸಾಲುತ್ತದೆ. ಅದರ ದೋಷಗಳನ್ನು ಅರಿತಿದ್ದರೆ ಆಯಿತು. ಮೊದಲನೆಯದಾಗಿ, ಸೂಜಿ ತೋರಿಸುವ ಬಡಗಣಕ್ಕೂ ಭೂಮಿಯ ನಿಜವಾದ ಬಡಗಣಕ್ಕೂ ಅಂತರವುಂಟು. ನಮ್ಮ ಕರಾವಳಿಯಲ್ಲಿ ಈಗ ಅದು ಎರಡು ಡಿಗ್ರಿಗೂ ಕಡಿಮೆ. ಎರಡು ಡಿಗ್ರಿ ತಪ್ಪಿದರೂ ಒಂದು ಕಿಲೋಮೀಟರ್ ನಡೆದಮೇಲೆ ನಾವು ಓರೆಯಾಗುವುದು ಸುಮಾರು 35 ಮೀಟರು ಮಾತ್ರ. ಎರಡನೆಯದಾಗಿ, ಧ್ರುವಗಳ ಕಡೆ ಹೋದಂತೆ ಸೂಜಿಯ ಒಂದು ತುದಿ ಕೆಳಕ್ಕೆ ಬಾಗುತ್ತದೆ. ಕಾಂತೀಯ ಸಮಭಾಜಕವು ಭಾರತದ ತೆಂಕಣ ತುದಿಯ ಹತ್ತಿರ ಹಾಯುವುದರಿಂದ, ಅದಕ್ಕಾಗಿಯೇ 1963ರಲ್ಲಿ ರಾಕೆಟ್ಟುಗಳನ್ನು ಹಾರಿಸಲು ತುಂಬಾ ಎಂಬ ಊರನ್ನು ಆರಿಸಿಕೊಂಡರು. ಅದೇ ಕಾರಣದಿಂದ ನಮ್ಮ ಕಡೆ ಸೂಜಿಯ ಬಾಗು ಅಲ್ಪವೇ.

ಮೂರನೆಯ ದೋಷವೇ ಗಣನೀಯವಾದುದು: ಸೂಜಿಯು ಕಬ್ಬಿಣದ ಮತ್ತು ವಿದ್ಯುತ್ತಿನ ಸಹವಾಸವನ್ನು ತಾಳದು. ಮುಂಬಯಿಯ ಕೊಲಾಬಾದಲ್ಲಿದ್ದ ಕಾಂತೀಯ ವೀಕ್ಷಣಾಲಯವನ್ನು, ನಗರಕ್ಕೆ ವಿದ್ಯುತ್ ಟ್ರಾಮುಗಳು ಬರುವುದೆಂದು ತಿಳಿದಾಗ, 1904ರಲ್ಲಿ ಅಲಿಬಾಗಿಗೆ ಸಾಗಿಸಬೇಕಾಯಿತು. ಬೆಳ್ತಂಗಡಿಯ ಮೇಲುಗಡೆಯ ಕುದುರೆಮುಖದ ಸಾಲಿನಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್ಯರು 1913ರಲ್ಲಿ ಗುರುತಿಸಿದ ಅದಿರು ಮ್ಯಾಗ್ನಟೈಟ್, ಎಂದರೆ ಸೂಜಿಗಲ್ಲಿನ ಜಾತಿಯದೇ. ಅಲ್ಲಿ ನಡೆದ ಗಣಿಗಾರಿಕೆ 2005ರ ಕೊನೆಗೆ ನಿಂತಿತು; ಬೆಟ್ಟದೊಳಗಿನ ಕಬ್ಬಿಣ ಮಾತ್ರ ಇನ್ನೂ ಉಳಿದಿದೆ. ದೂರದಿಂದ ಕುದುರೆಯ ಮುಖದಂತೆ ಕಂಡು ದಿಕ್ಕು ತೋರಿಸುವ ಬೆಟ್ಟವೇ ಹತ್ತಿರ ಹೋದವನ ಸೂಜಿಯನ್ನು ಅಡ್ಡದಾರಿಗೆ ಎಳೆಯಬಲ್ಲುದು. ಆದುದರಿಂದ ಸೂಜಿಯನ್ನು ನೋಡುವಾಗ ಸೊಂಟದ ಕತ್ತಿಯನ್ನೂ ಕಿಸೆಯ ಮೊಬೈಲನ್ನೂ ದೂರವಿಟ್ಟು ನೋಡತಕ್ಕುದು. ಒಂದೇ ಕಡೆ ನೋಡಿ ನಂಬದೆ ನಾಲ್ಕಾರು ಮಾರು ನಡೆದು ಮತ್ತೊಮ್ಮೆ ನೋಡತಕ್ಕುದು.

ಮೊಬೈಲಿನಲ್ಲಿಯೇ ನಕ್ಷೆಯೂ ದಿಕ್ಸೂಚಿಯೂ ಇರುವಾಗ ಈ ಡಬ್ಬಿ ಏಕೆಂದು ಕೇಳುವವರುಂಟು. ಉಪಗ್ರಹದ ಸಂಕೇತಗಳು ನಮ್ಮ ಕಾಲದ ದೊಡ್ಡ ಉಪಕಾರವೆಂಬುದರಲ್ಲಿ ಸಂಶಯವಿಲ್ಲ. ಆದರೆ ದಟ್ಟವಾದ ಮರಗಳ ಕೆಳಗೂ ಇಕ್ಕಟ್ಟಾದ ಕಣಿವೆಗಳಲ್ಲಿಯೂ ಅವು ದುರ್ಬಲವಾಗುತ್ತವೆ. ಮುಂಚಿತವಾಗಿ ಇಳಿಸಿಟ್ಟುಕೊಳ್ಳದ ನಕ್ಷೆ ಜಾಲವಿಲ್ಲದ ಕಡೆ ತೆರೆಯದು. ಮಳೆಯಲ್ಲಿ ನೆನೆದ ಯಂತ್ರ, ತೀರಿದ ಬ್ಯಾಟರಿ ಯಾರ ಮಾತನ್ನೂ ಕೇಳುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ‘ಎಡಕ್ಕೆ ತಿರುಗು, ಬಲಕ್ಕೆ ತಿರುಗು’ ಎಂಬ ಆಜ್ಞೆಯನ್ನು ಪಾಲಿಸುತ್ತ ನಡೆಯುವವನಿಗೆ ತಾನು ಹೋದ ಊರಿನ ಪಡುವಣ ಯಾವುದೆಂಬುದೇ ತಿಳಿಯದು. ತರಗತಿಯಲ್ಲಿ ಕುಳಿತ ನಮ್ಮ ವಿದ್ಯಾರ್ಥಿಗಳನ್ನು ಬಡಗಣ ದಿಕ್ಕಿಗೆ ಕೈತೋರಿಸಿರೆಂದು ಕೇಳಿದರೆ ಕೈಗಳು ನಾಲ್ಕು ಕಡೆಗೂ ಏಳುತ್ತವೆ. ಪರೀಕ್ಷೆಯಲ್ಲಿ ಅಕ್ಷಾಂಶ ರೇಖಾಂಶಗಳನ್ನು ತಪ್ಪಿಲ್ಲದೆ ಬರೆಯುವವರೇ ಅವರು.

2019ರ ಆಗಸ್ಟಿನ ಮಹಾಮಳೆಯಲ್ಲಿ ಚಾರ್ಮಾಡಿ ಘಟ್ಟ ಅಲ್ಲಲ್ಲಿ ಕುಸಿದು ರಸ್ತೆ ಮುಚ್ಚಿದುದನ್ನು ಶ್ರೋತೃಗಳು ಮರೆತಿರಲಾರರು. ಪರಿಚಯದ ರಸ್ತೆ, ಪರಿಚಯದ ಗುರುತು ಒಂದು ರಾತ್ರಿಯಲ್ಲಿ ಇಲ್ಲವಾಗುವ ನಾಡು ಇದು. ಹೊಳೆಯ ಹರಿವನ್ನೇ ಹಿಡಿದು ನಡೆದರಾಯಿತೆನ್ನುವುದೂ ಪೂರ್ಣವಾಗಿ ನಿಜವಲ್ಲ. ಎಲ್ಲ ಹೊಳೆಗಳೂ ಕಡೆಗೆ ಪಡುವಣ ಕಡಲಿಗೆ ಹೋಗುತ್ತವೆ, ದಿಟ. ನಡುವೆ ಅವು ಎಲ್ಲ ದಿಕ್ಕಿಗೂ ತಿರುಗುತ್ತವೆ, ಅರ್ಬಿಯಾಗಿ ಬಂಡೆಯಿಂದ ಧುಮುಕುತ್ತವೆ.

ಬಳಸುವ ಕ್ರಮವೂ ಕಷ್ಟದ್ದಲ್ಲ. ಮೂಡಣದಿಂದ ಪಡುವಣಕ್ಕೆ ಹಾದ ಒಂದು ರಸ್ತೆಯಿಂದ ತೆಂಕಣದ ಕಾಡಿಗೆ ಇಳಿದಿರೆಂದು ಇಟ್ಟುಕೊಳ್ಳೋಣ. ಇಳಿಯುವ ಮೊದಲೇ ಸೂಜಿಯನ್ನು ನೋಡಿ, ಹೊರಟ ದಿಕ್ಕು 180 ಎಂದು ಬರೆದುಕೊಂಡರೆ, ಮರಳುವ ದಿಕ್ಕು ಸೊನ್ನೆ, ಎಂದರೆ ನೇರ ಬಡಗಣ. ಸೂಜಿಯನ್ನೇ ನೋಡುತ್ತ ನಡೆಯಬಾರದು. ಆ ದಿಕ್ಕಿನಲ್ಲಿ ಕಾಣುವ ಒಂದು ಮರವನ್ನು ಗೊತ್ತುಮಾಡಿಕೊಂಡು, ಅಲ್ಲಿಗೆ ಸೇರಿ, ಮತ್ತೊಂದನ್ನು ಗೊತ್ತುಮಾಡಬೇಕು. ಹೊರಟ ಸ್ಥಳಕ್ಕೆ ನೇರವಾಗಿ ಗುರಿಯಿಡುವುದಕ್ಕಿಂತ ಬೇಕೆಂದೇ ತುಸು ಪಡುವಣಕ್ಕೆ ಓರೆಯಾಗಿ ಬರುವುದು ಜಾಣತನ. ಆಗ ರಸ್ತೆ ಸಿಕ್ಕಿದೊಡನೆ ಮೂಡಣಕ್ಕೆ ತಿರುಗಬೇಕೆಂಬುದು ನಿಶ್ಚಯವಾಗಿರುತ್ತದೆ.

ಕಷ್ಟಕಾಲದಲ್ಲಿ ಈ ವಿದ್ಯೆ ಒದಗಬೇಕಾದರೆ ಕಷ್ಟವಿಲ್ಲದ ಕಾಲದಲ್ಲಿ ಅಭ್ಯಾಸ ಬೇಕು. ಪ್ರತಿದಿನವೂ ಜೊತೆಯಲ್ಲಿಟ್ಟುಕೊಳ್ಳಬೇಕೆಂದು ನಾವು ಹೇಳುವುದು ಇದಕ್ಕಾಗಿ. ಬೆಂಗಳೂರು ಮೈಸೂರುಗಳ ಬೀದಿಗಳಲ್ಲಿಯೂ ದಿನಕ್ಕೆರಡು ಬಾರಿ ಮೊದಲು ಊಹಿಸಿ, ಬಳಿಕ ಸೂಜಿಯನ್ನು ನೋಡಿ ಸರಿಪಡಿಸಿಕೊಂಡರೆ, ಕೆಲವು ತಿಂಗಳಲ್ಲಿ ಊಹೆ ಪಳಗುತ್ತದೆ. ಮಕ್ಕಳಿಗೆ ಇದು ಆಟ. ನೆರಿಯದಂತಹ ಊರಿಗೆ ಹೋದಾಗ ಅಲ್ಲಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡೇ ಕಾಡನ್ನು ಹೊಕ್ಕತಕ್ಕುದು. ಯಾವ ಸೂಜಿಯೂ ಅವರಿಗೆ ಸಮನಲ್ಲ. ಅವರು ‘ಮೂಡಾಯಿ’, ‘ಪಡ್ಡಾಯಿ’ ಎಂದು ತುಳುವಿನಲ್ಲಿ ದಾರಿ ಹೇಳುವಾಗ, ಕೇಳುವವನಿಗೆ ಅದು ಯಾವ ಕಡೆಯೆಂದು ತಿಳಿದಿರಬೇಕು. ಅಷ್ಟನ್ನು ಈ ಸಣ್ಣ ಡಬ್ಬಿ ಕಲಿಸಿಕೊಟ್ಟರೆ ಅದು ಕಿಸೆಯಲ್ಲಿ ಹಿಡಿಯುವ ಜಾಗಕ್ಕೆ ಬೆಲೆ ಸಂದಂತೆಯೇ.