ಒತ್ತಡದ ಸಂದರ್ಭದಲ್ಲಿ ಆಟಗಾರರ ಮೇಲೆ ತರಬೇತುದಾರರ ವಿಶ್ವಾಸ

ಪ್ರಮುಖ ಆಟಗಾರನೊಬ್ಬ ಸತತವಾಗಿ ವಿಫಲನಾದಾಗ ಅಥವಾ ಟೀಕೆಗೆ ಗುರಿಯಾದಾಗ, ಅವನ ಸಾಮರ್ಥ್ಯದಲ್ಲಿ ತಮಗಿರುವ ನಂಬಿಕೆಯನ್ನು ತರಬೇತುದಾರರು ಮಾತು ಮತ್ತು ನಿರ್ಧಾರಗಳ ಮೂಲಕ ವ್ಯಕ್ತಪಡಿಸುವುದು ತಂಡ ಕ್ರೀಡೆಗಳಲ್ಲಿ ರೂಢಿಯಲ್ಲಿದೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಕ್ರಮಣವನ್ನು ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್‌ನ ವಿಷಯದಲ್ಲಿ ಈ ಪ್ರಶ್ನೆ ಹೆಚ್ಚಾಗಿ ಚರ್ಚೆಗೆ ಬರುತ್ತದೆ. ಭಾರತೀಯ ಕ್ರಿಕೆಟ್‌ನಲ್ಲಿ ಇದಕ್ಕೆ ನಿದರ್ಶನವಾಗಿ, ಕರ್ನಾಟಕದವರೇ ಆದ ತರಬೇತುದಾರ ರಾಹುಲ್ ದ್ರಾವಿಡ್ ಮತ್ತು ಬ್ಯಾಟರ್ ಕೆ. ಎಲ್. ರಾಹುಲ್ ಅವರ 2023ರ ಪ್ರಕರಣವನ್ನು ನೋಡಬಹುದು.

ಸ್ವರೂಪ

ವಿಶ್ವಾಸವು ಸಾಮಾನ್ಯವಾಗಿ ಮೂರು ಬಗೆಯಲ್ಲಿ ವ್ಯಕ್ತವಾಗುತ್ತದೆ: ಪತ್ರಿಕಾಗೋಷ್ಠಿಯಲ್ಲಿ ಬಹಿರಂಗವಾಗಿ ಬೆಂಬಲಿಸುವುದು, ವೈಫಲ್ಯದ ನಂತರವೂ ತಂಡದಲ್ಲಿ ಸ್ಥಾನ ನೀಡುವುದು ಹಾಗೂ ಆಟಗಾರನ ಶಕ್ತಿಗೆ ಹೊಂದುವ ಹೊಣೆಯನ್ನು ವಹಿಸುವುದು. ಮೊದಲನೆಯದು ಸುಲಭ, ಉಳಿದ ಎರಡರಲ್ಲಿ ಪಂದ್ಯವನ್ನೇ ಕಳೆದುಕೊಳ್ಳುವ ಅಪಾಯವಿರುತ್ತದೆ.

2023ರ ಟೆಸ್ಟ್ ಸರಣಿ

ದ್ರಾವಿಡ್ 2021ರ ನವೆಂಬರ್‌ನಿಂದ 2024ರ ಜೂನ್‌ವರೆಗೆ ಭಾರತ ಪುರುಷರ ತಂಡದ ಮುಖ್ಯ ತರಬೇತುದಾರರಾಗಿದ್ದರು. 2023ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾ ವಿರುದ್ಧದ ಸರಣಿಯಲ್ಲಿ ಆರಂಭಿಕ ಬ್ಯಾಟರ್ ಆಗಿದ್ದ ಕೆ. ಎಲ್. ರಾಹುಲ್ ನಾಗಪುರದಲ್ಲಿ 20, ದೆಹಲಿಯಲ್ಲಿ 17 ಮತ್ತು 1 ರನ್ ಗಳಿಸಿದರು. ಟೀಕೆ ತೀವ್ರವಾದಾಗ ದ್ರಾವಿಡ್, ವಿದೇಶಿ ನೆಲದಲ್ಲಿ ಅವರು ಗಳಿಸಿದ ಶತಕಗಳನ್ನು ನೆನಪಿಸಿ ಬಹಿರಂಗವಾಗಿ ಸಮರ್ಥಿಸಿದರು. ಆದರೂ ಇಂದೋರ್‌ನಲ್ಲಿ ನಡೆದ ಮೂರನೆಯ ಟೆಸ್ಟ್‌ನಲ್ಲಿ ಅವರ ಸ್ಥಾನ ಶುಭಮನ್ ಗಿಲ್ ಅವರಿಗೆ ದೊರೆಯಿತು.

ಹೊಸ ಹೊಣೆ ಮತ್ತು ಪುನರಾಗಮನ

ಏಕದಿನ ಪಂದ್ಯಗಳಲ್ಲಿ ಕೆ. ಎಲ್. ರಾಹುಲ್ ಮಧ್ಯಮ ಕ್ರಮಾಂಕದ ಬ್ಯಾಟರ್ ಹಾಗೂ ವಿಕೆಟ್‌ಕೀಪರ್ ಆಗಿ ಮುಂದುವರಿದರು. ಸ್ವತಃ ದ್ರಾವಿಡ್ ಅವರೂ 2003ರ ವಿಶ್ವಕಪ್‌ನಲ್ಲಿ ಇದೇ ಜೋಡಿ ಹೊಣೆಯನ್ನು ನಿರ್ವಹಿಸಿದ್ದರು. 2023ರ ಮೇ ತಿಂಗಳಲ್ಲಿ ತೊಡೆಯ ಗಾಯದಿಂದ ಶಸ್ತ್ರಚಿಕಿತ್ಸೆಗೆ ಒಳಗಾದ ರಾಹುಲ್, ಗಾಯದ ನಂತರ ಒಂದೂ ಪಂದ್ಯವಾಡದಿದ್ದರೂ ಸೆಪ್ಟೆಂಬರ್ 5ರಂದು ಪ್ರಕಟವಾದ ವಿಶ್ವಕಪ್ ತಂಡದಲ್ಲಿ ಸ್ಥಾನ ಪಡೆದರು. ಕೆಲವೇ ದಿನಗಳಲ್ಲಿ ಕೊಲಂಬೊದಲ್ಲಿ ಏಷ್ಯಾ ಕಪ್‌ನ ಪಾಕಿಸ್ತಾನ ವಿರುದ್ಧದ ಪಂದ್ಯದಲ್ಲಿ ಅಜೇಯ 111 ರನ್ ಬಾರಿಸಿದರು.

ಅಕ್ಟೋಬರ್ 8ರಂದು ಚೆನ್ನೈನಲ್ಲಿ ಆಸ್ಟ್ರೇಲಿಯಾ ವಿರುದ್ಧದ ವಿಶ್ವಕಪ್ ಪಂದ್ಯದಲ್ಲಿ, 200 ರನ್‌ಗಳ ಗುರಿ ಬೆನ್ನಟ್ಟಿದ ಭಾರತ 2 ರನ್‌ಗಳಿಗೆ 3 ವಿಕೆಟ್ ಕಳೆದುಕೊಂಡಿತ್ತು. ವಿರಾಟ್ ಕೊಹ್ಲಿ ಅವರೊಂದಿಗೆ 165 ರನ್‌ಗಳ ಜೊತೆಯಾಟವಾಡಿದ ರಾಹುಲ್, ಅಜೇಯ 97 ರನ್ ಗಳಿಸಿ ಪಂದ್ಯಶ್ರೇಷ್ಠರಾದರು. ನವೆಂಬರ್ 12ರಂದು ಬೆಂಗಳೂರಿನಲ್ಲಿ ನೆದರ್ಲೆಂಡ್ಸ್ ವಿರುದ್ಧ 62 ಎಸೆತಗಳಲ್ಲಿ ಶತಕ ಪೂರೈಸಿದರು. ಡಿಸೆಂಬರ್‌ನಲ್ಲಿ ವಿಕೆಟ್‌ಕೀಪರ್ ಆಗಿ ಟೆಸ್ಟ್ ತಂಡಕ್ಕೆ ಮರಳಿ, ಸೆಂಚುರಿಯನ್‌ನಲ್ಲಿ 101 ರನ್ ಹೊಡೆದರು.

ಮಿತಿಗಳು

ಬೆಂಬಲವು ಗೆಲುವಿನ ಖಾತರಿಯಲ್ಲ. ನವೆಂಬರ್ 19ರಂದು ಅಹಮದಾಬಾದ್‌ನಲ್ಲಿ ನಡೆದ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ರಾಹುಲ್ 107 ಎಸೆತಗಳಲ್ಲಿ 66 ರನ್ ಗಳಿಸಿದರೂ ಭಾರತ ಸೋತಿತು. ಅವರ ನಿಧಾನಗತಿಯ ಆಟ ಟೀಕೆಗೂ ಒಳಗಾಯಿತು. ಒಬ್ಬರಿಗೆ ನೀಡಿದ ಪ್ರತಿ ಅವಕಾಶವೂ ಹೊರಗೆ ಕಾಯುತ್ತಿರುವ ಇನ್ನೊಬ್ಬರಿಗೆ ತಪ್ಪಿದ ಅವಕಾಶವಾಗಿರುವುದರಿಂದ, ವಿಶ್ವಾಸದ ಅವಧಿ ಎಲ್ಲಿಗೆ ಮುಗಿಯಬೇಕು ಎಂಬುದು ತರಬೇತುದಾರರ ಕಠಿಣ ನಿರ್ಧಾರಗಳಲ್ಲೊಂದು. ತಂಡದಿಂದ ಕೈಬಿಡುವುದಕ್ಕೂ ಆಟಗಾರನ ಮೇಲಿನ ನಂಬಿಕೆಯನ್ನೇ ಕೈಬಿಡುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಈ ಪ್ರಕರಣ ತೋರಿಸುತ್ತದೆ.