ಹೊಸ ರೌಟರ್, ಹಳೇ ಕರ್ನಲ್: ಮನೆಯ ವೈಫೈ ಯಾಕೆ ಹೀಗೆ?

ಇದು ಈ ವಾರದ ವಿಡಿಯೋದ ಬರಹ ರೂಪ. ಮಾತಾಡುವಾಗ ಬಿಟ್ಟುಹೋದ ಕೆಲವು ಇಸವಿ, ಅಂಕಿಗಳನ್ನ ಇಲ್ಲಿ ಸೇರಿಸಿದ್ದೀನಿ.

ಡೊಂಬಿವಲಿ, ಕಲ್ಯಾಣ, ಐರೋಲಿ ಕಡೆಯ ನಮ್ಮವರು ಇಬ್ಬರು ಸೇರಿದರೆ ಒಂದು ಮಾತು ಬಂದೇ ಬರುತ್ತೆ. "ಹೊಸ ರೌಟರ್ ತಂದೆ ಮಾರಾಯ್ರೆ, ಸ್ಪೀಡ್ ಟೆಸ್ಟ್ ಹಾಕಿದ್ರೆ ಮುನ್ನೂರಕ್ಕೆ ಮುನ್ನೂರು ಬರುತ್ತೆ, ಆದ್ರೆ ರಾತ್ರಿ ಕ್ಲೈಂಟ್ ಕಾಲ್ ಶುರುವಾದ್ರೆ ದನಿ ತುಂಡು ತುಂಡು." ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಒಂದೇ ಮಂತ್ರ: ಆಫ್ ಮಾಡಿ, ಆನ್ ಮಾಡಿ. ಮಾಡಿದರೆ ಒಂದು ದಿನ ಸರಿ ಹೋಗುತ್ತೆ, ಮತ್ತೆ ಅದೇ ಕಥೆ. ಇದು ಬರೀ ಆ ಒಂದು ಡಬ್ಬಿಯ ತೊಂದರೆ ಅಲ್ಲ. ಇದಕ್ಕೆ ಇಪ್ಪತ್ತು ವರ್ಷಕ್ಕೂ ಮಿಕ್ಕಿದ ಇತಿಹಾಸ ಇದೆ.

ನಮ್ಮ ದೇಶದ ಮಟ್ಟಿಗೆ 2005ರ ಜನವರಿ ಮುಖ್ಯವಾದ ತಿಂಗಳು. ಆ ತಿಂಗಳು ಬಿಎಸ್‌ಎನ್‌ಎಲ್ ತನ್ನ ಡೇಟಾಒನ್ ಬ್ರಾಡ್‌ಬ್ಯಾಂಡ್ ಶುರು ಮಾಡಿತು. 256 ಕೆಬಿಪಿಎಸ್ ಇದ್ದರೆ ಅದನ್ನ ಬ್ರಾಡ್‌ಬ್ಯಾಂಡ್ ಅಂತ ಕರೀತಿದ್ದ ಕಾಲ. ಠಾಣೆಯವರೆಗೆ 022, ನಮ್ಮ ಡೊಂಬಿವಲಿ-ಕಲ್ಯಾಣಕ್ಕೆ 0251. ಹಾಗಾಗಿ ಮುಂಬೈಯವರಿಗೆ ಎಂಟಿಎನ್‌ಎಲ್, ನಮಗೆ ಬಿಎಸ್‌ಎನ್‌ಎಲ್. ಅದೇ ತಿಂಗಳು ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನ ಲೈಸೆನ್ಸ್ ಇಲ್ಲದೆ ಬಳಸಬಹುದು ಅಂತ ಅಧಿಸೂಚನೆ ಹೊರಡಿಸಿತು. ಮನೆಗೆ ತಂತಿಯಲ್ಲಿ ಇಂಟರ್ನೆಟ್, ಮನೆಯೊಳಗೆ ಗಾಳಿಯಲ್ಲಿ ವೈಫೈ, ಎರಡೂ ಜೊತೆಜೊತೆಗೇ ಬಂದವು ಅನ್ನಿ.

ಆ ಪಟ್ಟಿಯ ಅಗಲ 83.5 ಮೆಗಾಹರ್ಟ್ಸ್ ಮಾತ್ರ. ಒಂದರ ಮೇಲೊಂದು ಬೀಳದ ಹಾಗೆ ಅದರಲ್ಲಿ ಕೂರೋದು ಮೂರೇ ಚಾನೆಲ್: 1, 6, 11. ಏಳು ಮಹಡಿ, ಮಹಡಿಗೆ ನಾಲ್ಕು ಫ್ಲಾಟ್ ಇರುವ ನಮ್ಮ ಕಡೆಯ ಬಿಲ್ಡಿಂಗ್‌ನಲ್ಲಿ 28 ಮನೆ ಈ ಮೂರನ್ನ ಹಂಚಿಕೊಳ್ಳಬೇಕು. 5 ಗಿಗಾಹರ್ಟ್ಸ್‌ನಲ್ಲಿ ನಮಗೆ ದೊಡ್ಡ ಜಾಗ ಬಿಟ್ಟುಕೊಟ್ಟಿದ್ದು 2018ರ ಅಕ್ಟೋಬರ್‌ನಲ್ಲಿ. ಆದರೆ ಅದಕ್ಕೆ ಗೋಡೆ ದಾಟುವ ತಾಕತ್ತು ಕಡಿಮೆ. ಹಾಲ್‌ನಲ್ಲಿ ರೌಟರ್ ಇಟ್ಟು ಒಳಗಿನ ಬೆಡ್‌ರೂಮ್‌ನಲ್ಲಿ ಕೂತರೆ ಫೋನ್ ತಾನಾಗಿಯೇ 2.4ಕ್ಕೆ ಇಳಿದುಬಿಡುತ್ತೆ.

ಈಗ ಡಬ್ಬಿಯ ಕಥೆಗೆ ಬರೋಣ. 2002ರ ಡಿಸೆಂಬರ್‌ನಲ್ಲಿ ಅಮೆರಿಕದ ಲಿಂಕ್‌ಸಿಸ್ ಕಂಪನಿ ಡಬ್ಲ್ಯುಆರ್‌ಟಿ54ಜಿ ಅನ್ನೋ ನೀಲಿ-ಕಪ್ಪು ರೌಟರ್ ತಂತು. ಮರುವರ್ಷ ಸಿಸ್ಕೋ ಸುಮಾರು 50 ಕೋಟಿ ಡಾಲರ್‌ಗೆ ಲಿಂಕ್‌ಸಿಸ್ ಅನ್ನೇ ಕೊಂಡುಕೊಂಡಿತು. 2003ರ ಜೂನ್‌ನಲ್ಲಿ ಆಂಡ್ರ್ಯೂ ಮಿಕ್ಲಾಸ್ ಅನ್ನೋರು ಲಿನಕ್ಸ್ ಕರ್ನಲ್ ಬರೆಯುವವರಿಗೆ ಒಂದು ಪತ್ರ ಹಾಕಿದರು: ಈ ರೌಟರ್‌ನೊಳಗೆ ಓಡ್ತಿರೋದು ಲಿನಕ್ಸ್, ಆದರೆ ಜಿಪಿಎಲ್ ಲೈಸೆನ್ಸ್ ಪ್ರಕಾರ ಕೊಡಬೇಕಾದ ಸೋರ್ಸ್ ಕೋಡ್ ಎಲ್ಲೂ ಕೊಟ್ಟಿಲ್ಲ. ಗಲಾಟೆ ಆಯ್ತು, ಕೋಡ್ ಹೊರಗೆ ಬಂತು. ಆ ಕೋಡ್ ಇಟ್ಟುಕೊಂಡು 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಶುರುವಾಯ್ತು. ಹೆಸರಿನಲ್ಲೇ ಆ ಡಬ್ಬಿ ಇದೆ ನೋಡಿ.

ನನಗೆ ಇದರಲ್ಲಿ ಕುತೂಹಲ ಹುಟ್ಟಿಸೋದು ಕಾನೂನಿನ ಭಾಗ ಅಲ್ಲ, ಸರಪಳಿ. ಚಿಪ್ ಬ್ರಾಡ್‌ಕಾಮ್‌ದು, ಹೆಸರು ಲಿಂಕ್‌ಸಿಸ್‌ದು, ಕೊನೆಗೆ ಉತ್ತರ ಹೇಳಬೇಕಾಗಿ ಬಂದದ್ದು ಸಿಸ್ಕೋ. ಇವತ್ತಿಗೂ ರೌಟರ್ ಹುಟ್ಟೋದು ಹೀಗೇ. ಚಿಪ್ ಮಾಡುವವನು ಯಾವುದೋ ಒಂದು ಹಳೇ ಕರ್ನಲ್ ಹಿಡಿದು, ಅದಕ್ಕೆ ತನ್ನ ಮುಚ್ಚಿಟ್ಟ ವೈಫೈ ಡ್ರೈವರ್ ಅಂಟಿಸಿ ಒಂದು ಗಂಟು ಕಟ್ಟಿ ಕೊಡ್ತಾನೆ. ಬೋರ್ಡ್ ಮಾಡುವವನು ಅದನ್ನ ತಗೋತಾನೆ. ಬ್ರ್ಯಾಂಡ್‌ನವನು ಬಣ್ಣ ಬಳಿದು ಲೋಗೋ ಹಾಕ್ತಾನೆ. ಇಂಟರ್ನೆಟ್ ಕಂಪನಿ ಅದರ ಮೇಲೆ ತನ್ನ ಬೀಗ ಹಾಕುತ್ತೆ. ಮೇಲೆ ಎಲ್ಲೋ ಒಂದು ಬಗ್ ಸರಿಯಾದರೆ, ಆ ತೇಪೆ ಈ ನಾಲ್ಕೂ ಕೈ ದಾಟಿ ನಮ್ಮ ಮನೆಗೆ ಬರಬೇಕು. ಒಂದು ಕೈ ಸುಮ್ಮನಿದ್ದರೂ ಅಲ್ಲಿಗೆ ನಿಂತುಹೋಯ್ತು.

ಇನ್ನು, ಕಾಲ್‌ನಲ್ಲಿ ದನಿ ಯಾಕೆ ಒಡೆಯುತ್ತೆ? 2010ರಲ್ಲಿ ಬೆಲ್ ಲ್ಯಾಬ್ಸ್‌ನ ಜಿಮ್ ಗೆಟಿಸ್ ತಮ್ಮ ಮನೆಯಿಂದ ದೊಡ್ಡ ಫೈಲ್ ಕಳಿಸುವಾಗ ಪಿಂಗ್ ಒಂದು ಸೆಕೆಂಡಿಗೂ ಮೇಲೆ ಹೋಗೋದನ್ನ ನೋಡಿ ಬೆನ್ನು ಹತ್ತಿದರು. ಮೆಮರಿ ಅಗ್ಗ ಆದಂತೆ ಪ್ರತಿ ಪೆಟ್ಟಿಗೆಯಲ್ಲೂ ಬಫರ್ ದೊಡ್ಡದಾಗ್ತಾ ಬಂದಿತ್ತು. ಒಂದೂ ಪ್ಯಾಕೆಟ್ ಬೀಳಬಾರದು ಅನ್ನೋದು ಒಳ್ಳೇ ಉದ್ದೇಶವೇ. ಆದರೆ ಟಿಸಿಪಿ ತನ್ನ ವೇಗ ಕಡಿಮೆ ಮಾಡಿಕೊಳ್ಳೋದೇ ಪ್ಯಾಕೆಟ್ ಬಿದ್ದಾಗ. ಬೀಳದೇ ಇದ್ದರೆ ಅದು ತುಂಬ್ತಾನೇ ಇರುತ್ತೆ. ಲೆಕ್ಕ ಹಾಕಿ: ಅಪ್‌ಲೋಡ್ 1 ಎಂಬಿಪಿಎಸ್, ಬಫರ್ 256 ಕಿಲೋಬೈಟ್. ಅದು ಖಾಲಿಯಾಗೋಕೆ ಎರಡು ಸೆಕೆಂಡ್ ಬೇಕು. ಹೆಂಡತಿಯ ಫೋನ್ ಊರಿನ ಮದುವೆ ಫೋಟೋಗಳನ್ನ ಮೇಲಕ್ಕೆ ಕಳಿಸ್ತಾ ಇದ್ದರೆ, ನಿಮ್ಮ ದನಿಯ ಚಿಕ್ಕ ಪ್ಯಾಕೆಟ್ ಆ ಸಾಲಿನ ಕೊನೆಗೆ ನಿಂತು ಎರಡು ಸೆಕೆಂಡ್ ಕಾಯಬೇಕು. ಗೆಟಿಸ್ ಇದಕ್ಕೆ ಬಫರ್‌ಬ್ಲೋಟ್ ಅಂತ ಹೆಸರಿಟ್ಟರು, ಅಂದರೆ ಬಫರ್‌ನ ಹೊಟ್ಟೆಯುಬ್ಬರ. ಸ್ಪೀಡ್ ಟೆಸ್ಟ್ ಅಳೆಯೋದು ಒಟ್ಟು ಎಷ್ಟು ಡೇಟಾ ಹೋಯ್ತು ಅಂತ. ಎಷ್ಟು ಹೊತ್ತು ಕಾದಿರಿ ಅನ್ನೋದು ಆ ದೊಡ್ಡ ಅಕ್ಷರದ ಅಂಕಿಯಲ್ಲಿ ಇರೋದೇ ಇಲ್ಲ.

ಪರಿಹಾರ ತಡ ಆಗಲಿಲ್ಲ. 2012ರ ಮೇನಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಅನ್ನೋ ವಿಧಾನ ಪ್ರಕಟಿಸಿದರು. ಸಾಲು ಎಷ್ಟು ಉದ್ದ ಅಂತ ನೋಡಬೇಡಿ, ಪ್ಯಾಕೆಟ್ ಎಷ್ಟು ಹೊತ್ತು ಕಾಯ್ತು ಅಂತ ನೋಡಿ, ಜಾಸ್ತಿ ಹೊತ್ತು ಕಾಯುತ್ತಲೇ ಇದ್ದರೆ ಒಂದನ್ನ ಬೀಳಿಸಿ. ಎರಿಕ್ ಡ್ಯೂಮಾಜೆ ಅದಕ್ಕೆ ಇನ್ನೊಂದು ಸೇರಿಸಿದರು: ಪ್ರತಿ ಸಂಭಾಷಣೆಗೂ ಬೇರೆ ಸಾಲು. ನಮಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ದಿವಾ-ಠಾಣೆ ಮಧ್ಯೆ 2022ರ ಫೆಬ್ರವರಿಯಲ್ಲಿ ಐದು-ಆರನೇ ಲೈನ್ ಆಗೋವರೆಗೆ ದೂರದ ಗಾಡಿಗಳು ಫಾಸ್ಟ್ ಲೋಕಲ್‌ನ ಹಳಿಯಲ್ಲೇ ಬರ್ತಿದ್ದವು, ನಾವು ಸಿಗ್ನಲ್‌ನಲ್ಲಿ ನೇತಾಡ್ತಾ ನಿಲ್ತಿದ್ದೆವು. ಹಳಿ ಬೇರೆ ಮಾಡೋದೇ ಉಪಾಯ. ಎಫ್‌ಕ್ಯು-ಕೋಡೆಲ್ ಅಂತ ಕರೆಯುವ ಇದು 2012ರ ಜುಲೈಯಲ್ಲಿ ಬಂದ ಲಿನಕ್ಸ್ 3.5ರಲ್ಲೇ ಸೇರಿತು.

ಈಗ ಕೇಳಿ. ಏಸಸ್‌ನ ಆರ್‌ಟಿ-ಎಸಿ68ಯು ಅನ್ನೋ ರೌಟರ್ ಮಾರುಕಟ್ಟೆಗೆ ಬಂದದ್ದು 2013ರಲ್ಲಿ. ಒಳ್ಳೇ ರೌಟರ್, ಆಗಿನ ಕಾಲಕ್ಕೆ ದುಬಾರಿ. ಅದರೊಳಗಿನ ಕರ್ನಲ್ 2.6.36, ಅಂದರೆ 2010ರದು. ರೋಗಕ್ಕೆ ಔಷಧ ಸಿಕ್ಕ ಮರುವರ್ಷ ಬಂದ ಹೊಸ ಡಬ್ಬಿಯಲ್ಲಿ, ಔಷಧಕ್ಕಿಂತ ಎರಡು ವರ್ಷ ಹಳೆಯ ಕರ್ನಲ್. ಮುಂದೆ ಅದಕ್ಕೆ ಫರ್ಮ್‌ವೇರ್ ಅಪ್‌ಡೇಟ್‌ಗಳೇನೋ ವರ್ಷಗಟ್ಟಲೆ ಬಂದವು, ಆದರೆ ತಳದ ಕರ್ನಲ್ ಅದೇ. ಹೊಸ ಸವಲತ್ತು ಬೇಕಾದರೆ ಯಾರಾದರೂ ಕೂತು ಅದನ್ನ ಹಿಂದಕ್ಕೆ ತಂದು ಹೊಲಿಯಬೇಕು. ಹೊರಗಿನ ಅಪ್‌ಡೇಟ್ ತಾರೀಖು ನೋಡಿ ಒಳಗೂ ಹೊಸದು ಅಂತ ನಂಬೋ ಹಾಗಿಲ್ಲ.

ಇಷ್ಟಾದರೂ ಗಾಳಿಯ ತಕರಾರು ಬೇರೆಯೇ ಇದೆ. 2003ರಲ್ಲಿ ಫ್ರಾನ್ಸಿನ ಗ್ರನೋಬ್ಲ್‌ನ ಮಾರ್ಟಿನ್ ಹ್ಯೂಸ್ ಮತ್ತು ಸಂಗಡಿಗರು ಒಂದು ವಿಚಿತ್ರ ತೋರಿಸಿದರು. ವೈಫೈ ಎಲ್ಲರಿಗೂ ಸಮನಾಗಿ ಕೊಡೋದು ಸರದಿಯನ್ನ, ಸಮಯವನ್ನಲ್ಲ. ಒಂದು ಲ್ಯಾಪ್‌ಟಾಪ್ 11 ಎಂಬಿಪಿಎಸ್‌ನಲ್ಲಿ, ದೂರದ ಇನ್ನೊಂದು 1ರಲ್ಲಿ ಮಾತಾಡ್ತಿದ್ದರೆ, ಒಂದೊಂದು ಪ್ಯಾಕೆಟ್‌ನ ಸರದಿಯಲ್ಲಿ ನಿಧಾನದ್ದು ಸುಮಾರು ಹನ್ನೊಂದು ಪಟ್ಟು ಹೊತ್ತು ತಿನ್ನುತ್ತೆ. ಕೊನೆಗೆ ವೇಗದವನೂ ನಿಧಾನದವನ ಮಟ್ಟಕ್ಕೇ ಇಳೀತಾನೆ. ಒಳಗಿನ ಕೋಣೆಯಲ್ಲಿ ಅಜ್ಜಿ ಧಾರಾವಾಹಿ ನೋಡುವ ಹಳೇ ಟ್ಯಾಬ್ ಇಡೀ ಮನೆಯನ್ನ ಎಳೆಯೋದು ಹೀಗೆ. ಟೋಕೆ ಹೊಯ್ಲಂಡ್-ಯೋರ್ಗನ್‌ಸೆನ್, ಡೇವ್ ಟಾಟ್ ಮೊದಲಾದವರು ಸರದಿಯ ಬದಲು ಸಮಯವನ್ನೇ ಹಂಚುವ ಕೋಡ್ ಬರೆದು 2017ರಲ್ಲಿ ಪ್ರಬಂಧ ಪ್ರಕಟಿಸಿದರು. ತೊಂದರೆ ಕಂಡುಹಿಡಿದು ಹದಿನಾಲ್ಕು ವರ್ಷ ಆದ ಮೇಲೆ! ಅದೂ ಮೊದಲು ಕೆಲಸ ಮಾಡಿದ್ದು ಡ್ರೈವರ್ ತೆರೆದಿಟ್ಟ ಅಥೆರೋಸ್ ಚಿಪ್‌ಗಳಲ್ಲಿ. ಮುಚ್ಚಿದ ಡ್ರೈವರ್‌ಗೆ ಹೊರಗಿನವರು ಕೈ ಹಾಕೋದು ಹೇಗೆ? ಡೇವ್ ಟಾಟ್ 2025ರ ಏಪ್ರಿಲ್‌ನಲ್ಲಿ ತೀರಿಕೊಂಡರು. ನಮ್ಮ ಕಾಲ್‌ಗಳು ಸರಾಗ ಆಗಲಿ ಅಂತ ಹದಿನೈದು ವರ್ಷದ ಹತ್ತಿರ ದುಡಿದ ಈ ಮನುಷ್ಯನ ಹೆಸರು ನಮ್ಮ ಆಫೀಸುಗಳಲ್ಲಿ ಎಷ್ಟು ಜನಕ್ಕೆ ಗೊತ್ತು?

ನಿಧಾನ ಆದರೆ ಸಹಿಸಬಹುದು, ಡಬ್ಬಿಯೇ ಸತ್ತರೆ? 2017ರ ಜುಲೈ ಕೊನೆಯ ವಾರ ಬಿಎಸ್‌ಎನ್‌ಎಲ್, ಎಂಟಿಎನ್‌ಎಲ್ ಗ್ರಾಹಕರ 60 ಸಾವಿರಕ್ಕೂ ಹೆಚ್ಚು ಮೋಡೆಮ್‌ಗಳು ಸ್ತಬ್ಧವಾದವು. ನಮ್ಮ ಕರ್ನಾಟಕದಲ್ಲೂ ಪೆಟ್ಟು ಬಿತ್ತು. ಬ್ರಿಕರ್‌ಬಾಟ್ ಅನ್ನೋ ಮಾಲ್‌ವೇರ್ ನನ್ನದೇ ಅಂತ ಜ್ಯಾನಿಟರ್ ಹೆಸರಿನ ಅನಾಮಿಕ ಹೇಳಿಕೊಂಡ. ಭದ್ರತೆ ಇಲ್ಲದ ಪೆಟ್ಟಿಗೆಗಳನ್ನ ನಾನೇ ಸಾಯಿಸಿ ಜಗತ್ತು ಸ್ವಚ್ಛ ಮಾಡ್ತೀನಿ ಅನ್ನೋದು ಅವನ ವಾದ. ಒಳಗೆ ಹೋಗೋಕೆ ಅವನಿಗೆ ಮಹಾ ವಿದ್ಯೆ ಬೇಕಾಗಿರಲಿಲ್ಲ. ಯೂಸರ್‌ನೇಮ್ ಅಡ್ಮಿನ್, ಪಾಸ್‌ವರ್ಡ್ ಕೂಡ ಅಡ್ಮಿನ್. ಕಂಪನಿಗಳು ದೂರದಿಂದ ಮೋಡೆಮ್ ನೋಡಿಕೊಳ್ಳಲು ಬಳಸುವ 7547 ಪೋರ್ಟ್ ಬೇರೆ ಬೀದಿಗೆ ತೆರೆದುಕೊಂಡಿತ್ತು. ಅದರ ಹಿಂದಿನ ನವೆಂಬರ್‌ನಲ್ಲೇ ಜರ್ಮನಿಯಲ್ಲಿ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ರೌಟರ್‌ಗಳು ಇದೇ ಪೋರ್ಟ್‌ಗೆ ಬಂದ ದಾಳಿಯಿಂದ ಕೆಟ್ಟಿದ್ದವು. ಎಂಟು ತಿಂಗಳು ಮೊದಲೇ ಎಚ್ಚರಿಕೆ ಸಿಕ್ಕಿತ್ತು. ಜ್ಯಾನಿಟರ್ ಮಾಡಿದ್ದು ಧರ್ಮಕಾರ್ಯ ಅಂತ ಆಗ ಕೆಲವರು ಹೊಗಳಿದ್ದೂ ಉಂಟು. ನನಗೆ ಅದು ಒಪ್ಪಿಗೆ ಇಲ್ಲ. ಮೋಡೆಮ್ ಸತ್ತಾಗ ಪೇಚಾಡಿದ್ದು ಪಾಸ್‌ವರ್ಡ್ ಅಂದರೇನು ಅಂತ ಯಾರೂ ಹೇಳಿಕೊಡದ ಮನೆಯವರು.

ಕೊನೆಗೆ, ನಿಮ್ಮ ಮನೆಯಲ್ಲಿ ಯಾವ ರೋಗ ಇದೆ ಅಂತ ಹತ್ತು ನಿಮಿಷದಲ್ಲಿ ನೋಡಬಹುದು. ಲ್ಯಾಪ್‌ಟಾಪನ್ನ ಕೇಬಲ್‌ನಲ್ಲಿ ರೌಟರ್‌ಗೆ ಸಿಕ್ಕಿಸಿ, ಪಿಂಗ್ ಓಡಿಸ್ತಾ ಒಂದು ದೊಡ್ಡ ಫೈಲ್ ಅಪ್‌ಲೋಡ್‌ಗೆ ಹಾಕಿ. ಪಿಂಗ್ 20 ಮಿಲಿಸೆಕೆಂಡ್‌ನಿಂದ 300-400ಕ್ಕೆ ಹಾರಿದರೆ ಅದು ಬಫರ್. ಸೆಟಿಂಗ್‌ನಲ್ಲಿ ಎಸ್‌ಕ್ಯುಎಂ ಇದ್ದರೆ ಆನ್ ಮಾಡಿ, ನಿಜವಾಗಿ ಸಿಗುವ ವೇಗದ ಶೇಕಡಾ 90ರ ಆಸುಪಾಸು ಮಿತಿ ಇಡಿ. ಕೇಬಲ್‌ನಲ್ಲಿ ಸರಿಯಿದ್ದು ವೈಫೈಯಲ್ಲಿ ಮಾತ್ರ ಹಾರಿದರೆ ತೊಂದರೆ ಗಾಳಿಯಲ್ಲಿದೆ: 2.4ರಲ್ಲಿ ಚಾನೆಲ್ ಅಗಲ 20ಕ್ಕೆ ಇಳಿಸಿ, ಟಿವಿಗೆ ಕೇಬಲ್ ಎಳೆಯಿರಿ. ಹೊಸದು ಕೊಳ್ಳುವವರು ಆಂಟೆನಾ ಎಣಿಸುವ ಮೊದಲು ಆ ಮಾಡೆಲ್‌ಗೆ ಓಪನ್‌ಡಬ್ಲ್ಯುಆರ್‌ಟಿ ಹತ್ತುತ್ತಾ ಅಂತ ನೋಡಿಕೊಳ್ಳಿ. ಪಿಂಗ್ ಅಂಕಿಗಳನ್ನ ಕಾಮೆಂಟ್‌ನಲ್ಲಿ ಹಾಕಿ, ಯಾವ ಮಹಡಿ ಅನ್ನೋದನ್ನೂ ಸೇರಿಸಿ.