ಬಂಟವಾಳದ ಮನೆತನವೂ ಬೆಂಗಳೂರಿನ ಬಿಯರ್ ಕಾರ್ಖಾನೆಯೂ

ನಮ್ಮ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಟ್ಟವನ್ನಿಳಿದು, ಬೆಳ್ತಂಗಡಿಯ ಮಾರ್ಗವಾಗಿ ಹೋದರೆ ನೇತ್ರಾವತಿಯ ದಡದಲ್ಲಿ ಬಂಟವಾಳವು ಸಿಕ್ಕುವುದು. ಆ ಊರಿನ ಮೂಲದ ಮಲ್ಯ ಮನೆತನವೊಂದು ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಎಂಬ ಬಿಯರ್ ಕಾರ್ಖಾನೆಯನ್ನು ಸುಮಾರು ಎಪ್ಪತ್ತು ವರ್ಷಗಳ ಕಾಲ ನಡೆಸಿತೆಂಬುದು ವಾಚಕರಿಗೆ ತಿಳಿದಿರಬಹುದು. ಅದು ಕೈಸೇರಿದ ಬಗೆಯೂ ಕೈತಪ್ಪಿದ ಬಗೆಯೂ ವಿಚಾರಾರ್ಹವಾಗಿವೆ.

ಮದ್ಯದ ಕಥೆಗೆ ಸಾಹಿತ್ಯಪತ್ರಿಕೆಯಲ್ಲಿ ಸ್ಥಳವುಂಟೇ ಎಂದು ಕೆಲವರು ಹುಬ್ಬುಗಂಟಿಕ್ಕಿಯಾರು. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂಬುದಾಗಿ ಪಾನಗಳನ್ನು ವಿಂಗಡಿಸಿರುವನು. ಅವನ್ನು ಹುಳಿಯಿಸುವ ದ್ರವ್ಯಕ್ಕೆ ಅವನು ಬಳಸಿದ ಕಿಣ್ವವೆಂಬ ಶಬ್ದವನ್ನು ಈಗಿನ ವಿಜ್ಞಾನದ ಪಾಠಪುಸ್ತಕಗಳೂ, ಅರ್ಥವನ್ನು ತುಸು ಬದಲಿಸಿ, ಉಳಿಸಿಕೊಂಡಿವೆ. ನಾನು ಈ ಪೇಯವನ್ನು ಮುಟ್ಟಿದವನಲ್ಲ. ಆದರೆ ಚರಿತ್ರೆಗೆ ಮಡಿಯಿಲ್ಲವಷ್ಟೆ.

ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ ಒಣಗಿಸಿ, ಅದರ ಸಿಹಿರಸವನ್ನು ಹಾಪ್ಸ್ ಎಂಬ ಕಹಿಹೂವಿನೊಡನೆ ಕುದಿಸಿ, ಆರಿದ ಮೇಲೆ ಯೀಸ್ಟನ್ನು ಬೆರೆಸಿ ಹುಳಿಯಿಸಿದರೆ ಬಿಯರ್ ಸಿದ್ಧವಾಗುವುದು. ಈ ಕೆಲಸಕ್ಕೆ ತಂಪು ಬೇಕು. ತಂಪು ಮಾಡುವ ಯಂತ್ರಗಳಿಲ್ಲದ ಕಾಲದಲ್ಲಿ ಬೆಟ್ಟದ ಹವೆಯೇ ಆಧಾರ. ಆದುದರಿಂದ 1857ರಷ್ಟು ಹಿಂದಿನ ಕ್ಯಾಸಲ್ ಬ್ರೂವರಿಯು ನೀಲಗಿರಿಯಲ್ಲಿದ್ದುದು ಆಶ್ಚರ್ಯವಲ್ಲ. ಇಂತಹ ಐದು ಕಾರ್ಖಾನೆಗಳನ್ನು ಕೂಡಿಸಿ 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ಈ ಸಂಸ್ಥೆಯನ್ನು ಕಟ್ಟಿದನು. ದೊಡ್ಡ ಮರದ ಪೀಪಾಯಿಗಳಲ್ಲಿ ತುಂಬಿದ ಬಿಯರು ಎತ್ತಿನ ಗಾಡಿಗಳಲ್ಲಿ ಆಂಗ್ಲ ದಂಡಿನ ಪಾಳೆಯಗಳಿಗೆ ಹೋಗುತ್ತಿತ್ತು.

ವಿಠ್ಠಲ ಮಲ್ಯರು ಹುಟ್ಟಿದುದು 1924ರಲ್ಲಿ, ಢಾಕಾದಲ್ಲಿ, ತಂದೆ ಸೇನಾವೈದ್ಯರು. ಕಲ್ಕತ್ತೆಯಲ್ಲಿ ಓದಿದ ಈ ತರುಣರು ಸಂಸ್ಥೆಯ ಷೇರುಗಳನ್ನು ಸದ್ದಿಲ್ಲದೆ ಕೊಳ್ಳುತ್ತ ಬಂದು, 1947ರಲ್ಲಿ ಅದರ ಪ್ರಥಮ ಭಾರತೀಯ ನಿರ್ದೇಶಕರೂ, ಮರುವರ್ಷ ಅಧ್ಯಕ್ಷರೂ ಆದರು. ಕಾಲವನ್ನು ಗಮನಿಸಬೇಕು. 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಆರಂಭವಾದ ಪಾನನಿರೋಧವು 1948ರಲ್ಲಿ ಮದರಾಸು ಪ್ರಾಂತವನ್ನೆಲ್ಲ ವ್ಯಾಪಿಸಿತು. 1950ರ ಸಂವಿಧಾನವೂ ತನ್ನ 47ನೆಯ ವಿಧಿಯಲ್ಲಿ ಅದನ್ನೇ ಉಪದೇಶಿಸಿತು. ಕೊಳ್ಳುವ ದಂಡು ಹಡಗನ್ನೇರಿದ ಆ ದಿನಗಳಲ್ಲಿ ಬಿಯರ್ ಕಾರ್ಖಾನೆಗೆ ಹಣ ಹೂಡಿದುದು ನನ್ನ ಮಟ್ಟಿಗೆ ಸಾಹಸವೆಂದೇ ತೋರುತ್ತದೆ. ಹಾಗಿದ್ದರೂ ಅವರು ಪ್ರಚಾರಪ್ರಿಯರಲ್ಲ, ಮಿತವ್ಯಯಿಗಳು.

1983ರಲ್ಲಿ ಅವರು ತೀರಿಕೊಂಡಾಗ ಮಗ ವಿಜಯ ಮಲ್ಯರಿಗೆ ಇಪ್ಪತ್ತೇಳು ವರ್ಷ. 1978ರಿಂದ ಪ್ರಸಿದ್ಧಿಗೆ ಬಂದಿದ್ದ ಕಿಂಗ್‌ಫಿಷರ್ ಎಂಬ ಬಿಯರಿನ ಹೆಸರನ್ನೇ ಇಟ್ಟು ಅವರು 2005ರಲ್ಲಿ ವಿಮಾನ ಸಂಸ್ಥೆಯೊಂದನ್ನು ಹೂಡಿದರು. ಅದು 2012ರಲ್ಲಿ ನಿಂತುಹೋಯಿತು. ಬ್ಯಾಂಕುಗಳ ಸಾಲ ನಿಂತಿತು. 2016ರಲ್ಲಿ ಅವರು ಇಂಗ್ಲೆಂಡಿಗೆ ತೆರಳಿದರು. ತಂದೆ ಕೂಡಿಸಿದುದನ್ನು ಮಗನು ಬೆಳೆಸಿದುದೂ ನಿಜವೇ. ಆದರೆ ಅನ್ನವಿಕ್ಕಿದ ಕಸುಬಿನ ಷೇರುಗಳೇ ಇನ್ನೊಂದು ಉದ್ಯಮದ ಋಣಕ್ಕೆ ಜಪ್ತಿಯಾದುವಲ್ಲ ಎಂಬ ವ್ಯಥೆ ಉಳಿಯುತ್ತದೆ. 2021ರಲ್ಲಿ ಸಾಲವಸೂಲಿಯ ನ್ಯಾಯಮಂಡಲಿಯ ಮೂಲಕ ಅವು ವಿಕ್ರಯವಾದಾಗ, ಮೊದಲೇ ಪಾಲುದಾರರಾಗಿದ್ದ ಹಾಲೆಂಡಿನ ಹೈನೆಕೆನ್ ಸಂಸ್ಥೆಯವರೇ ಕೊಂಡರು. ಅವರ ಪಾಲು ನೂರಕ್ಕೆ 61.5 ಆಯಿತು. ಬೆಂಗಳೂರಿನ ಹಳೆಯ ಕಾರ್ಖಾನೆಯ ನೆಲದಲ್ಲಿ ಈಗ ಯು.ಬಿ. ಸಿಟಿಯ ಸೌಧಗಳಿವೆ, ಅಲ್ಲಿಯ ಗ್ರ್ಯಾಂಟ್ ರಸ್ತೆಯು ವಿಠ್ಠಲ ಮಲ್ಯ ರಸ್ತೆಯಾಗಿದೆ.

ಹೈನೆಕೆನ್ ಕೂಡ 1864ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಹುಟ್ಟಿದ ಒಂದು ಮನೆತನದ ಸಂಸ್ಥೆಯೇ. ನಡುವೆ ಕೈಬಿಟ್ಟುಹೋಗಿದ್ದ ಅದರ ಒಡೆತನವನ್ನು ಸ್ಥಾಪಕನ ಮೊಮ್ಮಗನು ಷೇರುಗಳನ್ನು ಕೊಂಡು 1954ರಲ್ಲಿ ಮರಳಿ ಮನೆಗೆ ತಂದನು.